ಕುಕ್ಕರಗಾಲಿನ ಸಾಕ್ಷ್ಯ

೧

ಮನುಷ್ಯನು ಕುಳಿತುಕೊಳ್ಳುವ ರೀತಿಗಳು ಹಲವು. ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರಿ ಕೂರುವುದು, ಕಾಲು ನೀಡಿ ಕೂರುವುದು, ಪೀಠದ ಮೇಲೆ ಕಾಲು ಇಳಿಬಿಟ್ಟು ಕೂರುವುದು, ಇವಕ್ಕೆಲ್ಲ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆ. ಇವುಗಳ ನಡುವೆ ಒಂದು ಭಂಗಿ ಮಾತ್ರ ಕುಳಿತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಅದು ಕುಕ್ಕರಗಾಲು. ಅಲ್ಲಿ ಪೃಷ್ಠವು ನೆಲವನ್ನು ಮುಟ್ಟುವುದಿಲ್ಲ. ದೇಹದ ಭಾರವನ್ನೆಲ್ಲ ಎರಡು ಪಾದಗಳೇ ಹೊರುತ್ತವೆ. ತೊಡೆಯು ಮೀನಖಂಡದ ಮೇಲೆ ಒರಗಿ, ಮೊಣಕಾಲುಗಳು ಎದೆಯ ಸಮೀಪಕ್ಕೆ ಬಂದಿರುತ್ತವೆ. ಮಗುವು ನಡೆಯಲು ಕಲಿತ ಕೆಲವೇ ದಿನಗಳಲ್ಲಿ, ಯಾರೂ ಹೇಳಿಕೊಡದೆಯೇ, ನೆಲದ ಮೇಲಿನ ಹರಳನ್ನು ಹೆಕ್ಕಲು ಹೀಗೆ ಕೂರುತ್ತದೆ. ಆದರೆ 'ಕುಕ್ಕರಿಸು' ಎಂಬ ನಮ್ಮ ಕ್ರಿಯಾಪದದ ಇಂದಿನ ಅವಸ್ಥೆಯನ್ನು ನೋಡಿರಿ. "ಬಂದು ಕುಕ್ಕರಿಸಿದ" ಎಂದರೆ ಯಾರೂ ಅದನ್ನು ಗೌರವದ ಮಾತೆಂದು ಭಾವಿಸರು. ಭಂಗಿಯು ಬಿಟ್ಟುಹೋಗುವ ಮುನ್ನವೇ ಮಾತಿನ ಮಾನ ಕುಂದಿತೆನ್ನಬೇಕು.

ಈ ವಿಷಯವು ನನ್ನ ಗಮನಕ್ಕೆ ಬಂದದ್ದು ಗ್ರಂಥಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ಕೃಷಿಸಾಲಗಳ ತಪಾಸಣೆಗಾಗಿ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ರೈತರೊಬ್ಬರು ಬಾವಿಯ ಬಳಿಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಡ್ಡಿಯಿಂದ ನೆಲವನ್ನು ಗೀರಿ, ತಮ್ಮ ಹೊಲದ ಎಲ್ಲೆಗಳನ್ನು ತೋರಿಸುತ್ತಿದ್ದರು. ಅದನ್ನು ಸರಿಯಾಗಿ ನೋಡಬೇಕೆಂದು ನಾನೂ ಕೂರಲು ಹೋದೆ. ಅರ್ಧ ಇಳಿಯುವಷ್ಟರಲ್ಲಿ ಹಿಮ್ಮಡಿಗಳು ಮೇಲೆದ್ದುವು. ಅವನ್ನು ನೆಲಕ್ಕೆ ಊರಲು ಯತ್ನಿಸಿದೊಡನೆ ಹಿಂದಕ್ಕೆ ಉರುಳಿದೆ. "ಹಿಮ್ಮಡ ಊರ್ರಿ ಸಾಹೇಬ್ರ, ಊರಿದ್ರ ಬೀಳೂದಿಲ್ಲ" ಎಂದು ಅವರು ನಕ್ಕು ಕೈನೀಡಿದರು. ಊರುವುದೇ ಅಸಾಧ್ಯವಾಗಿತ್ತೆಂಬುದನ್ನು ಅವರಿಗೆ ತಿಳಿಸಲು ನನಗೆ ಸಂಕೋಚವಾಯಿತು. ಅವರಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವನಾದ ನಾನು, ಉಳಿದ ವಿವರಗಳನ್ನು ನಿಂತುಕೊಂಡೇ ಬರೆದುಕೊಂಡೆ.

ವಯಸ್ಸಾಯಿತೆಂಬ ವಿವರಣೆ ಇಲ್ಲಿ ನಿಲ್ಲದು. ಹಾಗಾದರೆ ಒಬ್ಬನು ಕುಕ್ಕರಗಾಲಿನಲ್ಲಿ ಕೂರುವ ರೀತಿಯು ಅವನ ಕೀಲುಗಳ ವಿಷಯವಾಗಿ ಏನನ್ನು ಹೇಳುತ್ತದೆ? ಈ ಸಾಕ್ಷ್ಯವನ್ನು ಹಿಂದಿನವರು ಹೇಗೆ ಓದಿದರು, ಎಲ್ಲಿ ಸರಿಯಾಗಿ ಓದಿದರು, ಎಲ್ಲಿ ತಪ್ಪಿದರು? ಇಷ್ಟನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ದೇಹದ ಯಂತ್ರವನ್ನು ಸ್ವಲ್ಪ ನೋಡೋಣ. ಕುಕ್ಕರಗಾಲಿನಲ್ಲಿ ಕೂರುವಾಗ ಮೂರು ಜೊತೆ ಕೀಲುಗಳು ಒಟ್ಟಿಗೆ ಮಡಿಯಬೇಕು: ತೊಡೆಸಂದು, ಮೊಣಕಾಲು, ಮತ್ತು ಪಾದವೂ ಕಾಲೂ ಕೂಡುವ ಹರಡು. ಕುರ್ಚಿಯ ಮೇಲೆ ಕೂತವನ ಮೊಣಕಾಲು ಸುಮಾರು ೯೦ ಡಿಗ್ರಿಯಷ್ಟು ಮಡಿಯುತ್ತದೆ. ಪೂರ್ಣವಾದ ಕುಕ್ಕರಗಾಲಿನಲ್ಲಿ ಈ ಮಡಿಕೆಯು ೧೫೦ ಡಿಗ್ರಿಯನ್ನು ದಾಟುತ್ತದೆ. ಕುರ್ಚಿಯಲ್ಲಿ ಹರಡಿನ ಕೀಲಿಗೆ ಹೆಚ್ಚಿನ ಕೆಲಸವೇ ಇಲ್ಲ. ಕುಕ್ಕರಗಾಲಿನಲ್ಲಿಯಾದರೋ ಮೊಣಕಾಲಿನ ಕೆಳಗಿನ ಭಾಗವು ನೆಟ್ಟಗಿನ ನಿಲುವಿನಿಂದ ೩೫-೪೦ ಡಿಗ್ರಿಗಳಷ್ಟು ಮುಂದಕ್ಕೆ ವಾಲಬೇಕಾಗುತ್ತದೆ.

ಇದರೊಡನೆ ಸಮತೋಲದ ನಿಯಮವೊಂದಿದೆ. ದೇಹದ ಭಾರದ ರೇಖೆಯು ಪಾದಗಳ ಆವರಣದೊಳಗೇ ಬೀಳಬೇಕು. ಹಿಮ್ಮಡಿಯ ಹಿಂದೆ ಬಿದ್ದರೆ ಮನುಷ್ಯನು ಹಿಂದಕ್ಕೆ ಉರುಳುವನು. ಹರಡು ಬಾಗದಿದ್ದರೆ ಮೊಣಕಾಲು ಕಾಲ್ಬೆರಳುಗಳನ್ನು ದಾಟಿ ಮುಂದಕ್ಕೆ ಬಾರದು, ಸೊಂಟವು ಹಿಂದೆಯೇ ಉಳಿಯುತ್ತದೆ. ಆಗ ದೇಹವು ತನಗೆ ತೋಚಿದ ಉಪಾಯಗಳನ್ನು ಹೂಡುತ್ತದೆ. ಹಿಮ್ಮಡಿಗಳನ್ನು ಎತ್ತುವುದು ಒಂದುಪಾಯ. ಎದೆಯನ್ನು ತೀರ ಮುಂದಕ್ಕೆ ಚಾಚುವುದು ಇನ್ನೊಂದು. ಪಾದಗಳನ್ನು ಅಗಲಿಸಿ ಹೊರಕ್ಕೆ ತಿರುಗಿಸುವುದು ಮತ್ತೊಂದು. ಅಂಗಾಲಿನ ಕಮಾನನ್ನು ಒಳಮುಖವಾಗಿ ಕುಸಿಯಲು ಬಿಡುವುದು ಮಗದೊಂದು. ತೊಡೆಸಂದು ಬಿಗಿಯಾಗಿದ್ದರೆ ಅದು ಕೊಡಲಾರದ ಬಾಗನ್ನು ಬೆನ್ನಿನ ಕೆಳಭಾಗವು ಕೊಡಬೇಕಾಗಿ, ಬೆನ್ನು ಗೂನಾಗುತ್ತದೆ. ಹೀಗೆ ಭಂಗಿಯ ಆಕಾರವು ಒಂದು ಬಗೆಯ ಬರವಣಿಗೆ. ಯಾವ ಕೀಲು ತನ್ನ ಪಾಲನ್ನು ಸಲ್ಲಿಸಲಿಲ್ಲವೋ ಅದರ ಬಾಕಿಯನ್ನು ಬೇರೆ ಯಾವುದು ತೀರಿಸಿತೆಂಬುದು ಅಲ್ಲಿ ಬರೆದಿರುತ್ತದೆ.

ಆದರೆ ಈ ಬರವಣಿಗೆಯನ್ನು ಅವಸರದಿಂದ ಓದಲಾಗದು. ತೊಡೆಯ ಮೂಳೆ ಉದ್ದವಾಗಿರುವವನಿಗೆ, ಕೀಲುಗಳೆಲ್ಲ ಸಡಿಲವಾಗಿದ್ದರೂ, ಎದೆಯನ್ನು ಮುಂದೆ ಚಾಚದೆ ಗತ್ಯಂತರವಿಲ್ಲ. ಹಿಮ್ಮಡಿ ಎದ್ದುದಕ್ಕೆ ಹರಡಿನ ಬಿಗಿಯೇ ಕಾರಣವೆಂದು ನೋಡಿದ ಮಾತ್ರಕ್ಕೆ ನಿರ್ಧರಿಸುವಂತಿಲ್ಲ. ಇದನ್ನು ಬೇರ್ಪಡಿಸಿ ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಹಿಮ್ಮಡಿಗಳ ಕೆಳಗೆ ಎರಡು ಬೆರಳು ದಪ್ಪದ ಹಲಗೆಯಿಟ್ಟಾಗ ಒಬ್ಬನು ಸಲೀಸಾಗಿ ಕೂರುವನಾದರೆ, ಅಡ್ಡಿಯಿದ್ದುದು ಬಹುಮಟ್ಟಿಗೆ ಹರಡಿನಲ್ಲಿ. ಹಲಗೆಯಿಲ್ಲದೆ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಾಗ ಹಿಮ್ಮಡಿಯೂರಿ ಕೂರಬಲ್ಲನಾದರೆ, ಕೀಲುಗಳಿಗೆ ದಾರಿಯಿದೆ. ಕೊರತೆಯಿರುವುದು ಸಮತೋಲದಲ್ಲಿಯೋ ಸ್ನಾಯುಬಲದಲ್ಲಿಯೋ. ಭಾರ ಎತ್ತುವ ಕ್ರೀಡಾಪಟುಗಳ ಪಾದರಕ್ಷೆಗಳಿಗೆ ಎತ್ತರದ ಹಿಮ್ಮಡಿ ಇರುವುದೂ ಹಲಗೆಯ ನ್ಯಾಯದಿಂದಲೇ.

೩

ಹಿಮ್ಮಡಿಯ ಈ ಭೇದವನ್ನು ಇಂದಿನ ಅಂಗಸಾಧಕರೇ ಮೊದಲು ಕಂಡರೆಂದು ಎಣಿಸಬಾರದು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನಲ್ಲಿದ್ದ ಜೈನಾಚಾರ್ಯ ಹೇಮಚಂದ್ರನು ತನ್ನ 'ಯೋಗಶಾಸ್ತ್ರ'ದಲ್ಲಿ ಆಸನಗಳನ್ನು ಎಣಿಸುವಾಗ ಎರಡು ಕುಕ್ಕರಗಾಲುಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತಾನೆ. ಪೃಷ್ಠವೂ ಹಿಮ್ಮಡಿಯೂ ಕೂಡಿದರೆ ಅದು ಉತ್ಕಟಿಕಾಸನ. ಅದರಲ್ಲಿಯೇ ಹಿಮ್ಮಡಿಗಳು ನೆಲವನ್ನು ಬಿಟ್ಟರೆ ಅದು ಗೋದೋಹಿಕಾಸನ, ಅಂದರೆ ಹಸುವನ್ನು ಕರೆಯುವವನ ಆಸನ. ಹಾಲು ಕರೆಯುವವನು ಮೊಣಕಾಲುಗಳ ನಡುವೆ ಪಾತ್ರೆಯನ್ನಿಟ್ಟುಕೊಂಡು ಕಾಲ್ಬೆರಳುಗಳ ಮೇಲೆ ಕೂರುವುದನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ಹೊಳೆಯದಿರದು. ಶ್ವೇತಾಂಬರ ಸಂಪ್ರದಾಯದಂತೆ, ಋಜುಪಾಲಿಕಾ ನದಿಯ ತೀರದಲ್ಲಿ, ಸಾಲವೃಕ್ಷದ ಬಳಿ, ವರ್ಧಮಾನ ಮಹಾವೀರನಿಗೆ ಕೇವಲಜ್ಞಾನವು ಲಭಿಸಿದ್ದು ಈ ಗೋದೋಹಿಕಾಸನದಲ್ಲಿಯೇ. ಕನ್ನಡ ನಾಡಿನ ಬಸದಿಗಳಲ್ಲಿ ನಾವು ಕಾಣುವ ಜಿನಬಿಂಬಗಳು ಕಾಯೋತ್ಸರ್ಗದಲ್ಲಿ ನಿಂತಿರುವುವು, ಇಲ್ಲವೆ ಪರ್ಯಂಕಾಸನದಲ್ಲಿ ಕುಳಿತಿರುವುವು. ಆದುದರಿಂದ ಈ ಸಂಗತಿಯು ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ.

ಬೌದ್ಧರ ವಿನಯಪಿಟಕದಲ್ಲಿ ಕುಕ್ಕರಗಾಲಿಗೆ ಉಕ್ಕುಟಿಕವೆಂದು ಹೆಸರು. ಭಿಕ್ಷುವು ಸಂಘದ ಮುಂದೆ ವಿನಯದಿಂದ ಏನನ್ನಾದರೂ ನಿವೇದಿಸಬೇಕಾದಾಗ ಉತ್ತರೀಯವನ್ನು ಒಂದು ಹೆಗಲಿಗೆ ಸರಿಸಿ, ಉಕ್ಕುಟಿಕದಲ್ಲಿ ಕೂತು, ಕೈಜೋಡಿಸಬೇಕು. ಮಳೆಗಾಲದ ವಾಸ ಮುಗಿದ ಮೇಲೆ ನಡೆಯುವ ಪವಾರಣೆಯನ್ನು ವಿವರಿಸುವ 'ಮಹಾವಗ್ಗ'ದ ಭಾಗದಲ್ಲಿ ಒಂದು ಹೃದ್ಯವಾದ ಪ್ರಸಂಗವಿದೆ. ಹಿರಿಯರು ಕುಕ್ಕರಗಾಲಿನಲ್ಲಿರುವಾಗ ಕೆಲವರು ಆಸನಗಳ ಮೇಲೆ ಕುಳಿತಿದ್ದರೆಂದು ಆಕ್ಷೇಪ ಬಂದು, ಎಲ್ಲರೂ ಉಕ್ಕುಟಿಕದಲ್ಲಿಯೇ ಇರತಕ್ಕದ್ದೆಂದು ಮೊದಲು ವಿಧಿಯಾಯಿತು. ಆಗ ವಯಸ್ಸಿನಿಂದ ಕುಗ್ಗಿದ ಒಬ್ಬ ಸ್ಥವಿರನು, ಎಲ್ಲರ ಸರದಿಯೂ ಮುಗಿಯುವವರೆಗೆ ಹಾಗೆಯೇ ಕೂತಿದ್ದು, ಮೂರ್ಛೆಹೋಗಿ ಬಿದ್ದನು. ಸಂಗತಿಯನ್ನು ತಿಳಿದ ಬುದ್ಧನು ವಿಧಿಯನ್ನು ಸಡಿಲಿಸಿ, ತನ್ನ ಸರದಿಯು ಮುಗಿಯುವವರೆಗೆ ಮಾತ್ರ ಉಕ್ಕುಟಿಕದಲ್ಲಿದ್ದು, ಅನಂತರ ಆಸನದ ಮೇಲೆ ಕೂರಬಹುದೆಂದು ಅನುಮತಿಸಿದನು. ನಿಯಮಕ್ಕಿಂತ ಮುದುಕನ ಮೊಣಕಾಲು ದೊಡ್ಡದೆಂಬ ಈ ವಿವೇಕವು ಇಂದಿಗೂ ಅನುಕರಣೀಯವಾಗಿದೆ. ಕುಕ್ಕರಗಾಲು ಎಲ್ಲರಿಗೂ ಎಲ್ಲ ಕಾಲಕ್ಕೂ ಸುಲಭವೆಂದು ಪ್ರಾಚೀನರು ಭಾವಿಸಿರಲಿಲ್ಲವೆಂಬುದೂ ಇದರಿಂದ ಸಿದ್ಧವಾಗುತ್ತದೆ.

ಹಂಪೆಯಲ್ಲಿ ೧೫೨೮ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಕಡೆಯಲಾದ ನರಸಿಂಹನ ಬೃಹನ್ಮೂರ್ತಿಯನ್ನು ನೋಡಿದವರು ಅದರ ಮೊಣಕಾಲುಗಳನ್ನು ಬಳಸಿರುವ ಪಟ್ಟಿಯನ್ನು ಗಮನಿಸಿರಬೇಕು. ಅದು ಯೋಗಪಟ್ಟ. ಅಲ್ಲಿ ಪೃಷ್ಠವು ಪೀಠದ ಮೇಲಿರುವುದರಿಂದ ಅದು ಶುದ್ಧವಾದ ಕುಕ್ಕರಗಾಲಲ್ಲ. ಆದರೆ ಎತ್ತಿದ ಮೊಣಕಾಲುಗಳುಳ್ಳ ಇಂಥ ಭಂಗಿಯನ್ನು ಮೂರ್ತಿಶಿಲ್ಪದ ವಿದ್ವಾಂಸರು ಉತ್ಕುಟಿಕಾಸನವೆಂದೇ ಕರೆದಿದ್ದಾರೆ. ಮೊಣಕಾಲೆತ್ತಿ ಬಹುಕಾಲ ಕೂರಬೇಕಾದರೆ ದೇಹವು ಹಿಂದಕ್ಕೆ ಜಾರದಂತೆ ಆಧಾರ ಬೇಕೆಂಬುದನ್ನು ಶಿಲ್ಪಿ ಬಲ್ಲವನಾಗಿದ್ದನು. ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೆ ಹಿರಿಯರು ಹೆಗಲ ವಸ್ತ್ರವನ್ನು ಬೆನ್ನಿಗೂ ಮೊಣಕಾಲುಗಳಿಗೂ ಸುತ್ತಿ ಗಂಟಿಕ್ಕಿ ಹಾಯಾಗಿ ಕೂರುತ್ತಿದ್ದುದು ಇದೇ ಯೋಗಪಟ್ಟದ ಲೌಕಿಕ ರೂಪ.

ಇಲ್ಲಿ ಹೆಸರಿನ ಇನ್ನೊಂದು ಸ್ಥಿತ್ಯಂತರವನ್ನೂ ಹೇಳಬೇಕು. ಹಠಯೋಗದ 'ಘೇರಂಡಸಂಹಿತೆ'ಯಲ್ಲಿ ಉತ್ಕಟಾಸನವೆಂದರೆ ಹೆಬ್ಬೆರಳುಗಳನ್ನು ನೆಲಕ್ಕೊತ್ತಿ, ಹಿಮ್ಮಡಿಗಳನ್ನು ಮೇಲೆತ್ತಿ, ಅವುಗಳ ಮೇಲೆ ಕೂರುವುದು. ಆದರೆ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರರು ೧೯೬೬ರಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ' ಗ್ರಂಥದಲ್ಲಿ ಉತ್ಕಟಾಸನವು ಕಾಣದ ಕುರ್ಚಿಯೊಂದರ ಮೇಲೆ ಕೂತಂತಿರುವ ಅರೆನಿಲುವಿನ ಭಂಗಿ. ಪೂರ್ಣವಾದ ಕುಕ್ಕರಗಾಲಿಗೆ ಅಲ್ಲಿ ಮಾಲಾಸನವೆಂಬ ಹೆಸರಿನಲ್ಲಿ ಬೇರೆ ಸ್ಥಾನವಿದೆ. ಹೀಗೆ ಉತ್ಕಟವೆಂಬ ಒಂದೇ ಮಾತಿನಡಿಯಲ್ಲಿ ಹಿಮ್ಮಡಿಯೂರಿದ ಭಂಗಿ, ಹಿಮ್ಮಡಿಯೆತ್ತಿದ ಭಂಗಿ, ಕುರ್ಚಿಯಂಥ ಭಂಗಿ ಎಂಬ ಮೂರು ದೊರೆಯುತ್ತವೆ. ಕೀಲುಗಳು ಕೊಡಬೇಕಾದ ಬಾಗು ಮೂರರಲ್ಲಿಯೂ ಬೇರೆಬೇರೆ. ಆದುದರಿಂದ ಹೆಸರನ್ನು ನಂಬಿ ಭಂಗಿಯನ್ನು ಊಹಿಸುವುದು ಅಪಾಯಕರ.

೪

ಗ್ರಂಥಗಳ ಸಾಕ್ಷ್ಯದಿಂದ ಈಗ ಮೂಳೆಗಳ ಸಾಕ್ಷ್ಯಕ್ಕೆ ಬರೋಣ. ಕುಕ್ಕರಗಾಲಿನಲ್ಲಿ ಹರಡು ತೀರ ಬಾಗಿದಾಗ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದ ಮುಂಅಂಚು, ಪಾದದ ಟೇಲಸ್ ಎಂಬ ಮೂಳೆಯ ಕತ್ತಿನ ಭಾಗವನ್ನು ಮುಟ್ಟುತ್ತದೆ. ಬಾರಿಬಾರಿಗೂ ಹೀಗೆ ಮುಟ್ಟಿದಲ್ಲಿ ಎರಡು ಮೂಳೆಗಳಲ್ಲಿಯೂ ನುಣುಪಾದ ಸಣ್ಣ ಮುಖಗಳು ಕಂಡುಬರುತ್ತವೆ. ಆಕ್ಸ್‌ಫರ್ಡಿನ ಅಂಗರಚನಾಶಾಸ್ತ್ರಜ್ಞ ಆರ್ಥರ್ ಥಾಮ್ಸನ್ ೧೮೮೯ರಲ್ಲಿ ಇವನ್ನು ಕುಳಿತುಕೊಳ್ಳುವ ಅಭ್ಯಾಸದೊಡನೆ ಜೋಡಿಸಿ ಬರೆದನು. ಅನಂತರ ಈ ವಿಚಾರವನ್ನು ಮುಂದೊಯ್ದವನು ಭಾರತದಲ್ಲಿಯೇ ಕೆಲಸಮಾಡುತ್ತಿದ್ದ ಹ್ಯಾವ್ಲಾಕ್ ಚಾರ್ಲ್ಸ್. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಈತನು ಪಂಜಾಬಿಗಳ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ೧೮೯೩ರಲ್ಲಿ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಮೂಳೆಯ ಆಕಾರವನ್ನು ಉಪಯೋಗವು ತಿದ್ದುತ್ತದೆಂಬುದು ಅದರ ಸಾರ. ಕುಕ್ಕರಗಾಲಿನಲ್ಲಿ ಕೂತೇ ದುಡಿಯುವ, ಉಣ್ಣುವ, ಹರಟುವ ಜನರ ತೊಡೆಸಂದು, ಮೊಣಕಾಲು, ಹರಡುಗಳಲ್ಲಿ ಆ ಅಭ್ಯಾಸದ ಮುದ್ರೆಗಳನ್ನು ಆತನು ಒಂದೊಂದಾಗಿ ತೋರಿಸಿದನು. ಇಷ್ಟರಮಟ್ಟಿಗೆ ಅವನ ಓದು ಸರಿಯಾಗಿಯೇ ಇತ್ತು.

ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಒಮ್ಮೆಯೂ ಕುಕ್ಕರಗಾಲಿನಲ್ಲಿ ಕೂತಿರದ ಪಂಜಾಬಿ ಶಿಶುಗಳ ಮತ್ತು ಭ್ರೂಣಗಳ ಮೂಳೆಗಳಲ್ಲಿಯೂ ಇಂಥ ಮುಖಗಳು ಅವನಿಗೆ ಕಂಡುಬಂದುವು. ತಂದೆತಾಯಿಗಳು ಜೀವಮಾನದಲ್ಲಿ ಗಳಿಸಿದ ಲಕ್ಷಣಗಳು ಮಕ್ಕಳಿಗೆ ಇಳಿದು ಬರುತ್ತವೆಯೇ ಎಂಬುದು ಆಗ ಯುರೋಪಿನ ಜೀವಶಾಸ್ತ್ರಜ್ಞರ ನಡುವೆ ನಡೆಯುತ್ತಿದ್ದ ದೊಡ್ಡ ವಾದ. ಜರ್ಮನಿಯ ವೈಸ್ಮನ್ ಬಾರದೆಂದು ಹಟಹಿಡಿದಿದ್ದನು. ಚಾರ್ಲ್ಸನು ತನ್ನ ಮುಂದಿನ ಪ್ರಬಂಧದಲ್ಲಿ ಪಂಜಾಬಿ ಶಿಶುವಿನ ಹರಡನ್ನೇ ಸಾಕ್ಷಿಗೆ ನಿಲ್ಲಿಸಿ, ಬರುತ್ತದೆಂಬ ಪಕ್ಷವನ್ನು ಸಮರ್ಥಿಸಿದನು. ತಲೆಮಾರುಗಳ ಕುಕ್ಕರಗಾಲು ಪಂಜಾಬಿಯ ರಕ್ತಕ್ಕೇ ಇಳಿದಿದೆಯೆಂದು ಅದರ ತಾತ್ಪರ್ಯ. ಒಂದು ಅಭ್ಯಾಸವು ಹೀಗೆ ಒಂದು ಜನಾಂಗದ ಹುಟ್ಟುಗುಣವಾಯಿತು.

ಈ ವಾದದಲ್ಲಿ ಒಂದು ಪರೀಕ್ಷೆ ಬಿಟ್ಟುಹೋಗಿತ್ತು: ಯುರೋಪಿನ ಶಿಶುಗಳ ಮೂಳೆಗಳನ್ನು ಪಕ್ಕದಲ್ಲಿಟ್ಟು ನೋಡುವುದು. ೧೯೫೪ರಲ್ಲಿ ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸನು ಯುರೋಪಿನವರ ಟೇಲಸ್ ಮೂಳೆಗಳ ಮೇಲೆ ಬರೆದ ಪ್ರಬಂಧದಿಂದ ತಿಳಿದುಬಂದದ್ದೇನೆಂದರೆ, ಅಂಥ ಮುಖಗಳು ಯುರೋಪಿನ ಭ್ರೂಣಗಳಲ್ಲಿಯೂ ಇರುತ್ತವೆ. ಬೆಳೆದವರಲ್ಲಿ ಅವು ವಿರಳವಾಗುತ್ತವೆ. ಗರ್ಭದಲ್ಲಿ ಮುದುಡಿ ಮಲಗಿದ ಶಿಶುವಿಗೆ ಲಾಹೋರೆಂದೂ ಲಂಡನ್ನೆಂದೂ ಭೇದವಿಲ್ಲ. ಎಲ್ಲ ಮಕ್ಕಳೂ ಕುಕ್ಕರಗಾಲಿಗೆ ಸಿದ್ಧವಾದ ಹರಡುಗಳೊಡನೆಯೇ ಹುಟ್ಟುತ್ತವೆ. ಕೆಲವರು ಅದನ್ನು ಉಪಯೋಗಿಸಿ ಉಳಿಸಿಕೊಳ್ಳುತ್ತಾರೆ, ಕೆಲವರು ಕಳೆದುಕೊಳ್ಳುತ್ತಾರೆ. ೧೯೫೯ರಲ್ಲಿ ನಮ್ಮವರೇ ಆದ ಇಂದರ್‌ಬೀರ್ ಸಿಂಗ್ ಅವರು ಭಾರತೀಯರ ಟೇಲಸ್ ಮತ್ತು ಟಿಬಿಯಾ ಮೂಳೆಗಳನ್ನು ಪರೀಕ್ಷಿಸಿ, ಬೆಳೆದ ಭಾರತೀಯರಲ್ಲಿ ಈ ಮುಖಗಳು ಹೇರಳವೆಂಬುದನ್ನು ವಿವರವಾಗಿ ತೋರಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಿಂದ ಬಲ್ಲ ಇಂದರ್‌ಬೀರ್ ಸಿಂಗ್ ಇವರೇ.

ಯುರೋಪಿನವರೂ ಸದಾ ಕುರ್ಚಿಯವರಾಗಿರಲಿಲ್ಲ. ೨೦೦೧ರಲ್ಲಿ ಪ್ರಕಟವಾದ ಬುಲ್ ಎಂಬ ವಿದುಷಿಯ ಅಧ್ಯಯನವು, ಪ್ರಾಚೀನ ಕಾಲದಿಂದ ಆಧುನಿಕ ಕಾಲದವರೆಗಿನ ಫ್ರಾನ್ಸಿನ ಅಸ್ಥಿಗಳನ್ನು ಹೋಲಿಸಿ, ಈ ಗುರುತುಗಳು ಮಧ್ಯಯುಗದ ತರುವಾಯ ಕ್ರಮೇಣ ಕಡಿಮೆಯಾದುದನ್ನು ತೋರಿಸಿತು. ಅಂದಮೇಲೆ ವಸಾಹತುಕಾಲದ ಅಧಿಕಾರಿಗಳು ನಮ್ಮವರಲ್ಲಿ ಕಂಡ ವಿಚಿತ್ರವು ಅವರ ಪೂರ್ವಜರಲ್ಲಿಯೂ ಇದ್ದುದೇ.

ಇಲ್ಲಿಯೂ ಒಂದು ಎಚ್ಚರ ಅಗತ್ಯ. ನಿಯಾಂಡರ್ತಲ್ ಮಾನವರ ಮೂಳೆಗಳಲ್ಲಿ ಇಂಥ ಮುಖಗಳು ದೊರೆತುವು. ಅವರೆಲ್ಲ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರೆಂದು ಹೇಳುವುದು ಸುಲಭ. ಆದರೆ ಎರಿಕ್ ಟ್ರಿಂಕಾಸ್ ೧೯೭೫ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಪ್ರಶ್ನಿಸಿದನು. ಒರಟು ನೆಲದ ಮೇಲೆ ಏರಿಳಿದು ಓಡಾಡುವವನ ಹರಡೂ ಬಲವಾಗಿ ಬಾಗುತ್ತದೆ. ಮೂಳೆಯು ಕೀಲಿನ ಚಲನೆಯ ವ್ಯಾಪ್ತಿಯನ್ನು ಹೇಳಬಲ್ಲುದು. ಆ ಚಲನೆ ಯಾವ ಕೆಲಸಕ್ಕಾಗಿ ನಡೆಯಿತೆಂಬುದನ್ನು ಅದೊಂದೇ ಹೇಳಲಾರದು. ಸಾಕ್ಷಿಯು ಕಂಡಷ್ಟನ್ನು ಮಾತ್ರ ನುಡಿಯಲಿ, ಉಳಿದುದನ್ನು ನಾವು ಅದರ ಬಾಯಲ್ಲಿ ತುರುಕಬಾರದು.

೫

ಮೂಳೆಗಳ ಪಂಡಿತರು ಹೀಗೆ ವಾದಿಸುತ್ತಿರುವಾಗ, ಜೀವಂತ ದೇಹವನ್ನು ನೋಡಿ ವಿಚಾರಮಾಡಿದವನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್. ದೇಹದ ತಂತ್ರಗಳನ್ನು ಕುರಿತು ೧೯೩೪ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಭಾಷಣದಲ್ಲಿ ಅವನು ಮೊದಲನೆಯ ಮಹಾಯುದ್ಧದ ತನ್ನ ಅನುಭವವೊಂದನ್ನು ಹೇಳಿದನು. ಅವನ ಜೊತೆಗಿದ್ದ ಆಸ್ಟ್ರೇಲಿಯದ ಬಿಳಿಯ ಸೈನಿಕರು ದಾರಿಯಲ್ಲಿ ತಂಗಿದಾಗ ಕುಕ್ಕರಗಾಲಿನಲ್ಲಿ ಕೂತು ವಿಶ್ರಮಿಸುತ್ತಿದ್ದರು. ನೀರು ಅವರ ಹಿಮ್ಮಡಿಯ ಕೆಳಗೇ ಉಳಿಯುತ್ತಿತ್ತು. ಮೋಸ್ ಮಾತ್ರ ಹಾಗೆ ಕೂರಲಾರದೆ ನೀರಿನಲ್ಲಿ ನಿಂತೇ ಇರಬೇಕಾಗಿತ್ತು. ಮಕ್ಕಳಿಗೆ ಸಹಜವಾದ ಇಂಥ ಉಪಯುಕ್ತ ಭಂಗಿಯನ್ನು ಅವರಿಂದ ಬಿಡಿಸುವುದು ತನ್ನ ಸಮಾಜದ ತಪ್ಪೆಂದು ಅವನು ನಿಸ್ಸಂಕೋಚವಾಗಿ ನುಡಿದನು. ಆ ಸೈನಿಕರೂ ಯುರೋಪಿನ ಮೂಲದವರೇ ಎಂಬುದು ಇಲ್ಲಿ ಮುಖ್ಯ. ಜನಾಂಗದ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಬಾವಿಯ ದಂಡೆಯಲ್ಲಿ ನಿಂತು ಲೆಕ್ಕ ಬರೆದುಕೊಂಡ ನನಗೆ ಈ ಪ್ರಸಂಗವನ್ನು ಓದಿದಾಗ ಆದ ಸಮಾಧಾನವನ್ನು ಓದುಗರು ಕ್ಷಮಿಸಬೇಕು. ಮುಂದೆ ೧೯೫೫ರಲ್ಲಿ ಅಮೆರಿಕದ ಗಾರ್ಡನ್ ಹ್ಯೂಸ್ ಪ್ರಪಂಚದ ಜನರ ಭಂಗಿಗಳ ಹರಹನ್ನು ನಕ್ಷೆಗಳಲ್ಲಿ ಗುರುತಿಸಿದಾಗ, ಮಾನವಕುಲದ ಕಾಲುಭಾಗವಾದರೂ ಕುಕ್ಕರಗಾಲನ್ನು ರೂಢಿಯಾಗಿ ಬಳಸುವುದೆಂದು ಅಂದಾಜುಮಾಡಿದನು.

ವಿಚಿತ್ರವೆಂದರೆ, ಇದೇ ಕಾಲದಲ್ಲಿ ಅಮೆರಿಕದಲ್ಲಿ ಪೂರ್ಣವಾದ ಬಸ್ಕಿಯ ಮೇಲೆ ಅಪವಾದ ಹುಟ್ಟಿತು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕಾರ್ಲ್ ಕ್ಲೈನ್ ೧೯೬೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಭಾರಹೊತ್ತು ಪೂರ್ತಿ ಕೆಳಗಿಳಿಯುವುದರಿಂದ ಮೊಣಕಾಲಿನ ಬಂಧಕಗಳು ಸಡಿಲವಾಗುವುವೆಂದು ಹೇಳಿದನು. ಶಾಲೆಗಳ ವ್ಯಾಯಾಮಶಿಕ್ಷಕರು, ತರಬೇತುದಾರರು ತೊಡೆಯು ನೆಲಕ್ಕೆ ಸಮಾನಾಂತರವಾದಲ್ಲಿಗೆ ನಿಲ್ಲಿಸಬೇಕೆಂದು ಬೋಧಿಸತೊಡಗಿದರು. ಅನಂತರದ ಪರೀಕ್ಷೆಗಳು, ಮುಖ್ಯವಾಗಿ ೧೯೭೧ರ ಮತ್ತು ೧೯೮೯ರ ಅಧ್ಯಯನಗಳು, ಆ ಸಡಿಲಿಕೆಯನ್ನು ಕಾಣಲಿಲ್ಲ. ಆದರೂ ಭಯವು ಬಹುಕಾಲ ಉಳಿಯಿತು. ನಮ್ಮ ಗರಡಿಯ ಮನೆಗಳಲ್ಲಿ ತಲೆಮಾರುಗಳಿಂದ ಪೈಲವಾನರು ನೂರಾರು ಬಸ್ಕಿ ಹೊಡೆಯುತ್ತ ಬಂದಿದ್ದುದು ಈ ಚರ್ಚೆಯಲ್ಲಿ ಯಾರ ನೆನಪಿಗೂ 
ಬಂದಂತಿಲ್ಲ. ಗರಡಿಯ ಬಸ್ಕಿಯಲ್ಲಿ ಇಳಿಯುವಾಗ ಹಿಮ್ಮಡಿಗಳು ಏಳುತ್ತವೆ. ಹೇಮಚಂದ್ರನ ವಿಂಗಡಣೆಯಂತೆ ಅದು ಗೋದೋಹಿಕೆಯ ಕಡೆಗೆ ಸೇರುವುದು. ಅದು ತೊಡೆಗೆ ಬಲಕೊಡುವುದು ನಿಜ, ಆದರೆ ಹಿಮ್ಮಡಿಯೂರಿ ಕೂರುವುದು ಹರಡಿನಿಂದ ಬಯಸುವಷ್ಟು ಬಾಗನ್ನು ಅದು ಬಯಸುವುದಿಲ್ಲ. ಒಂದನ್ನು ಬಲ್ಲವನು ಇನ್ನೊಂದನ್ನೂ ಬಲ್ಲನೆಂದು ಹೇಳಲಾಗದು.

೬

ಹಾಗೆಂದು ಕುಕ್ಕರಗಾಲನ್ನು ಸರ್ವರೋಗನಿವಾರಕವೆಂದು ಹೊಗಳುವುದೂ ಸತ್ಯಕ್ಕೆ ದೂರ. ಬೀಜಿಂಗ್ ನಗರದ ವೃದ್ಧರನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದು, ಯೌವನದಲ್ಲಿ ದಿನಕ್ಕೆ ಹಲವು ತಾಸು ಹೀಗೆ ಕೂರುತ್ತಿದ್ದವರಲ್ಲಿ ಮೊಣಕಾಲಿನ ಸಂಧಿವಾತವು ಹೆಚ್ಚೆಂದು ಕಂಡಿತು. ಅದೇ ನಗರದ ವೃದ್ಧರಲ್ಲಿ ತೊಡೆಸಂದಿನ ಸಂಧಿವಾತವು ಅಮೆರಿಕದ ಬಿಳಿಯರಿಗಿಂತ ಬಹಳ ಕಡಿಮೆಯೆಂದು ೨೦೦೨ರ ಇನ್ನೊಂದು ಅಧ್ಯಯನವು ತಿಳಿಸಿತ್ತು. ಆದರೆ ಅದಕ್ಕೆ ಕುಕ್ಕರಗಾಲೇ ಕಾರಣವೆನ್ನುವಂತಿಲ್ಲ, ಹುಟ್ಟಿನಿಂದ ಬಂದ ಮೂಳೆಯ ಆಕಾರವೂ ಕಾರಣವಿರಬಹುದು. ಕಳೆ ಕೀಳುವ, ನಾಟಿ ಮಾಡುವ ಹೆಂಗಸರು ಇಡೀ ದಿನ ಬಾಗಿಯೋ ಕುಕ್ಕರಿಸಿಯೋ ದುಡಿಯುವುದನ್ನು ನೆರಳಿನಲ್ಲಿ ನಿಂತು ಹೊಗಳುವುದು ಕ್ರೌರ್ಯವಾದೀತು. ಹೊಟ್ಟೆಯ ಪಾಡಿಗಾಗಿ ದಿನವಿಡೀ ಕೂರುವುದು ಬೇರೆ, ಕೀಲುಗಳ ಬಾಗನ್ನು ಉಳಿಸಿಕೊಳ್ಳುವಷ್ಟು ಕೂರುವುದು ಬೇರೆ.

ವಿಶ್ರಾಂತಿಯ ಭಂಗಿಯಾಗಿ ಅದಕ್ಕಿರುವ ಗುಣವನ್ನು ಮಾತ್ರ ಅಲ್ಲಗಳೆಯಲಾಗದು. ಟಾಂಜಾನಿಯದ ಹದ್ಜಾ ಎಂಬ ಬೇಟೆಗಾರ ಜನರನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅವರೂ ದಿನಕ್ಕೆ ಸುಮಾರು ಹತ್ತು ಗಂಟೆ ಕುಳಿತೇ ಕಳೆಯುತ್ತಾರೆ. ಆದರೆ ಅದರಲ್ಲಿ ಒಂದು ಪಾಲು ಕುಕ್ಕರಗಾಲಿನಲ್ಲಿಯೋ ಮಂಡಿಯೂರಿಯೋ ಕಳೆಯುವುದರಿಂದ, ಕುರ್ಚಿಯಲ್ಲಿ ನಿದ್ರಿಸುವ ಕಾಲಿನ ಸ್ನಾಯುಗಳು ಅವರಲ್ಲಿ ಸ್ವಲ್ಪ ಎಚ್ಚರವಾಗಿಯೇ ಇರುತ್ತವೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಊರು ಬಿಟ್ಟು ಮುಂಬಯಿಗೋ ಪುಣೆಗೋ ದೆಹಲಿಗೋ ಬಂದ ನಮ್ಮಂಥವರು ಕಳೆದುಕೊಂಡದ್ದನ್ನು ಎಣಿಸುವಾಗ ಭಾಷೆಯನ್ನು, ಹಬ್ಬವನ್ನು, ಅಡಿಗೆಯನ್ನು ನೆನೆಯುತ್ತೇವೆ. ಹರಡಿನ ಬಾಗನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಒಲೆಯು ಕಟ್ಟೆಯನ್ನೇರಿತು, ಬಚ್ಚಲ ಕಲ್ಲು ಮಾಯವಾಯಿತು, ಊಟದ ಮಣೆಯ ಬದಲು ಮೇಜು ಬಂದಿತು, ಶೌಚಗೃಹದಲ್ಲಿ ಪೀಠ ಬಂದಿತು. ಒಂದೊಂದೂ ಅನುಕೂಲವೇ, ವೃದ್ಧರಿಗೂ ರೋಗಿಗಳಿಗೂ ವರವೇ. ಆದರೆ ದಿನಕ್ಕೆ ಹತ್ತಾರು ಬಾರಿ, ನಮಗೆ ತಿಳಿಯದಂತೆ, ಕೀಲುಗಳಿಂದ ಕೆಲಸ ತೆಗೆಯುತ್ತಿದ್ದ ಸಂದರ್ಭಗಳೆಲ್ಲ ಒಟ್ಟಿಗೆ ಹೋದುವು. ಆ ನಷ್ಟವನ್ನು ನಾವು ಮೂವತ್ತೈದರಲ್ಲಿ ಗಮನಿಸದೆ, ನಲವತ್ತೈದರಲ್ಲಿ ವಯಸ್ಸೆಂದು ಕರೆದು, ಮಕ್ಕಳ ಮುಂದೆ ನಗುತ್ತ ಒಪ್ಪಿಕೊಳ್ಳುತ್ತೇವೆ. ಚಾರ್ಲ್ಸನು ಅಭ್ಯಾಸವನ್ನು ರಕ್ತವೆಂದು ತಪ್ಪು ತಿಳಿದನು. ನಾವು ಅನಭ್ಯಾಸವನ್ನು ಮುಪ್ಪೆಂದು ತಪ್ಪು ತಿಳಿಯುತ್ತೇವೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನಮ್ಮಲ್ಲಿ ಹೆಚ್ಚಿನವರದು ಮುಚ್ಚಿದ ಖಾತೆಯಲ್ಲ, ವ್ಯವಹಾರ ನಿಂತ ಖಾತೆ.

ಅದನ್ನು ಮತ್ತೆ ತೆರೆಯಬಹುದೇ? ಮೊಣಕಾಲಿನಲ್ಲಿ ನೋವೋ ಊತವೋ ಇದ್ದವರು, ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮಹಾವಗ್ಗದ ಮುದುಕನನ್ನು ನೆನೆಯಬೇಕು. ಉಳಿದವರಿಗೆ ನನ್ನೊಬ್ಬನ ಅನುಭವವನ್ನಷ್ಟೇ ಹೇಳಬಲ್ಲೆ. ಹಳ್ಳಿಯಿಂದ ಹಿಂದಿರುಗಿದ ಮೇಲೆ ಬೆಳಗ್ಗೆ ಬಾಗಿಲ ಚೌಕಟ್ಟನ್ನು ಹಿಡಿದು, ಹಿಮ್ಮಡಿಯ ಕೆಳಗೆ ಹಲಗೆಯಿಟ್ಟು, ನಿಮಿಷವೆರಡು ನಿಮಿಷ ಕೂರತೊಡಗಿದೆ. ಹಲಗೆಯು ತೆಳುವಾಗುತ್ತ ಬಂದು ಒಂದು ವರ್ಷದ ಮೇಲೆ ಹೋಯಿತು. ಚೌಕಟ್ಟು ಇನ್ನೂ ಹೋಗಿಲ್ಲ. ಎಡಗಾಲಿನ ಹಿಮ್ಮಡಿ ಚೆನ್ನಾಗಿ ಊರುತ್ತದೆ. ಬಲಗಾಲಿನದು, ಹುಡುಗನಾಗಿದ್ದಾಗ ಉಳುಕಿದ್ದು, ಒಂದು ಬೆರಳಿನಷ್ಟು ಇಂದಿಗೂ ಎದ್ದೇ ಇರುತ್ತದೆ. ನಾನು ಮರೆತಿದ್ದ ಆ ಉಳುಕನ್ನು ಭಂಗಿಯು ಮರೆತಿರಲಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ಈ ಭಂಗಿಗೂ ಇದರ ಉಪಭೇದಗಳಿಗೂ, ಹಿಮ್ಮಡಿಯೂರಿದ್ದು, ಎತ್ತಿದ್ದು, ಒಂದು ಮಂಡಿಯನ್ನು ನೆಲಕ್ಕೆ ತಾಗಿಸಿದ್ದು ಎಂಬಿವಕ್ಕೆ, ಧಾರವಾಡದ, ಕರಾವಳಿಯ, ಮಲೆನಾಡಿನ, ಹಳೆಯ ಮೈಸೂರಿನ ಆಡುಮಾತುಗಳಲ್ಲಿ ಬೇರೆಬೇರೆ ಹೆಸರುಗಳಿರಬೇಕು. ನಮ್ಮ ಸಂಘದ ಸದಸ್ಯರು ನಾಡಿನ ಎಲ್ಲ ಮೂಲೆಗಳಿಂದ ಬಂದವರು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ, ಆ ಮಾತುಗಳನ್ನೂ ಯಾವ ಕೆಲಸ ಮಾಡುವಾಗ ಹಾಗೆ ಕೂರುತ್ತಿದ್ದರೆಂಬುದನ್ನೂ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಕ್ರೋಢೀಕರಿಸಿ ಒಪ್ಪಿಸುವೆನು. ಮಾತನ್ನು ಬಲ್ಲವರೂ ಭಂಗಿಯನ್ನು ಬಲ್ಲವರೂ ಇಂದು ಬಹುಮಟ್ಟಿಗೆ ಒಬ್ಬರೇ. ಅವರನ್ನು ಕೇಳುವ ಕಾಲ ಇದೇ.